ಕಥೆಯ ನಡುಮನೆ

“ಟೀಚರ್, ಶುರು ಇದೆ, ಕೊನೇನೂ ಇದೆ. ಮಧ್ಯ ಒಂದೇ ಇಲ್ಲ.”

ಒಂಬತ್ತನೆಯ ತರಗತಿಯ ನಾಲ್ಕು ಹುಡುಗಿಯರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೀಗೆ ಹೇಳಿದಾಗ ನನಗೆ ನಗು ಬಂತು. ಮನೆಯ ಖರ್ಚಿನ ಲೆಕ್ಕವೂ ಹೀಗೇ ಅಲ್ಲವೇ? ತಿಂಗಳ ಮೊದಲ ದಿನ ಕೈಯಲ್ಲಿ ಎಷ್ಟಿತ್ತು ಎಂಬುದು ಗೊತ್ತಿರುತ್ತದೆ, ಕೊನೆಯ ದಿನ ಏನೂ ಉಳಿದಿಲ್ಲ ಎಂಬುದೂ ಗೊತ್ತಿರುತ್ತದೆ. ನಡುವೆ ಏನಾಯಿತು ಎಂಬುದೊಂದೇ ತಿಳಿಯುವುದಿಲ್ಲ.

ಶಾಲೆಯ ವಾರ್ಷಿಕ ಸಂಚಿಕೆಗೆ ಒಂದು ವೈಜ್ಞಾನಿಕ ಕಥೆ ಬೇಕಾಗಿತ್ತು. ವಿಜ್ಞಾನದ ಮೇಷ್ಟ್ರು ರಜೆಯ ಮೇಲಿದ್ದರು. ಹಾಗಾಗಿ ಇತಿಹಾಸ ಪಾಠ ಮಾಡುವ ನನ್ನ ತಲೆಗೆ ಆ ಕೆಲಸ ಬಂದು ಕೂತಿತು. ಬಿ.ಎ., ಬಿ.ಎಡ್. ಮಾಡಿದವಳಿಗೆ ಯಂತ್ರದ ಹೊಟ್ಟೆಯೊಳಗೆ ಏನಿರುತ್ತದೆಂದು ಏನು ಗೊತ್ತು? ಆದರೂ ಒಪ್ಪಿಕೊಂಡೆ. ಹುಡುಗಿಯರ ಕಥೆ ಇಷ್ಟು: ಅಡುಗೆ, ಪಾತ್ರೆ, ಬಟ್ಟೆ ಎಲ್ಲ ಕೆಲಸ ಮಾಡುವ ಒಂದು ರೋಬೋಟ್ ಒಂದು ಮನೆಗೆ ಬರುತ್ತದೆ. ಕೊನೆಗೆ ಅದಕ್ಕೆ ಹುಚ್ಚು ಹಿಡಿದು, ಊರವರೆಲ್ಲ ಸೇರಿ ಅದನ್ನು ಕೆರೆಗೆ ನೂಕುತ್ತಾರೆ. ನಡುವೆ ಏನಾಗಬೇಕು? “ಫೈಟಿಂಗ್ ಹಾಕೋಣ್ವಾ ಟೀಚರ್?” ಎಂದಳು ಒಬ್ಬಳು.

ನಾಳೆ ಹೇಳುತ್ತೇನೆ ಎಂದು ಅವರನ್ನು ಕಳಿಸಿದೆ. ಆ ರಾತ್ರಿ ಅಡುಗೆಮನೆ ಒರೆಸಿ ಮುಗಿಸಿದ ಮೇಲೆ ನನಗೆ ನೆನಪಾದದ್ದು, ಕಾಲೇಜಿನಲ್ಲಿ ಐಚ್ಛಿಕ ಇಂಗ್ಲಿಷ್ ಓದುವಾಗ ಗ್ರಂಥಾಲಯದಿಂದ ತಂದು ಓದಿದ್ದ ಒಂದು ಹಳೆಯ ಪುಸ್ತಕ. ಇದೇ ಕಷ್ಟವನ್ನು ಎದುರಿಸಿದ್ದ ಒಬ್ಬ ಹುಡುಗಿ ಬರೆದದ್ದು ಅದು. ಹುಡುಗಿ ಎಂದೇ ಹೇಳುತ್ತೇನೆ. ಕಥೆ ಶುರು ಮಾಡಿದಾಗ ಅವಳಿಗೆ ಹದಿನೆಂಟು ವರ್ಷ.

ಅವಳ ಹೆಸರು ಮೇರಿ. ಹುಟ್ಟಿದ್ದು 1797ರ ಆಗಸ್ಟ್ 30ರಂದು, ಲಂಡನ್ನಿನಲ್ಲಿ. ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್, ಹೆಣ್ಣುಮಕ್ಕಳ ಹಕ್ಕು ಮತ್ತು ಶಿಕ್ಷಣದ ಪರವಾಗಿ 1792ರಲ್ಲೇ ಪುಸ್ತಕ ಬರೆದ ದಿಟ್ಟೆ. ಆದರೆ ಬಾಣಂತಿ ಜ್ವರ ಬಂದು, ಮಗುವಿಗೆ ಹನ್ನೊಂದು ದಿನವಾದಾಗ ಆಕೆ ತೀರಿಕೊಂಡರು. ಮಗಳು ತಾಯಿಯನ್ನು ಕಂಡದ್ದು ಪುಸ್ತಕಗಳಲ್ಲಿ ಮಾತ್ರ. ಶಾಲೆಯಲ್ಲಿ ಕಲಿತದ್ದಕ್ಕಿಂತ ತಂದೆ ವಿಲಿಯಂ ಗಾಡ್ವಿನ್‌ರ ಪುಸ್ತಕಗಳ ನಡುವೆ ಕಲಿತದ್ದೇ ಹೆಚ್ಚು. ಹದಿನಾರನೆಯ ವಯಸ್ಸಿನಲ್ಲಿ, ಆಗಲೇ ಮದುವೆಯಾಗಿದ್ದ ಕವಿ ಪರ್ಸಿ ಶೆಲ್ಲಿಯ ಜೊತೆ ಮನೆ ಬಿಟ್ಟು ಹೋದಳು. 1815ರ ಫೆಬ್ರವರಿಯಲ್ಲಿ ದಿನ ತುಂಬುವ ಮೊದಲೇ ಒಂದು ಹೆಣ್ಣುಮಗು ಹುಟ್ಟಿ, ಹೆಸರಿಡುವ ಮುನ್ನವೇ ಹೋಗಿಬಿಟ್ಟಿತು. ಬೆಂಕಿಯ ಮುಂದೆ ಹಿಡಿದು ಮೈ ಉಜ್ಜಿದಾಗ ಆ ಮಗುವಿಗೆ ಜೀವ ಬಂದ ಹಾಗೆ ಕನಸು ಕಂಡೆ ಎಂದು ಅವಳು ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಮಗು ಕಳೆದುಕೊಂಡ ತಾಯಂದಿರಿಗೆ ಈ ಕನಸನ್ನು ಯಾರೂ ವಿವರಿಸಬೇಕಾಗಿಲ್ಲ.

ಮರುವರ್ಷ, ಅಂದರೆ 1816ರಲ್ಲಿ, ಪರ್ಸಿ, ಆ ವರ್ಷ ಜನವರಿಯಲ್ಲಿ ಹುಟ್ಟಿದ್ದ ಗಂಡುಮಗು ವಿಲಿಯಂ, ಮಲತಾಯಿಯ ಮಗಳು ಕ್ಲೇರ್, ಇವರೊಂದಿಗೆ ಮೇರಿ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡಕ್ಕೆ ಬಂದಳು. ಅದು ಬೇಸಿಗೆಯೇ ಇಲ್ಲದ ವರ್ಷ. ಹಿಂದಿನ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಸುಂಬಾವ ದ್ವೀಪದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರಿಂದೆದ್ದ ಧೂಳು, ಅನಿಲಗಳು ಬಿಸಿಲನ್ನೇ ಮಂಕು ಮಾಡಿದ್ದವು. ಜೂನ್ ತಿಂಗಳಲ್ಲಿ ಎಡೆಬಿಡದ ಮಳೆ. ಪಕ್ಕದ ಬಂಗಲೆಯಲ್ಲಿ ಕವಿ ಬೈರನ್ ಮತ್ತು ಅವನ ವೈದ್ಯ ಪೋಲಿಡೋರಿ ಇದ್ದರು. ಎಲ್ಲರೂ ಒಲೆಯ ಮುಂದೆ ಕೂತು ದೆವ್ವದ ಕಥೆ ಓದುತ್ತಿದ್ದಾಗ, ಒಬ್ಬೊಬ್ಬರೂ ಒಂದೊಂದು ಕಥೆ ಬರೆಯೋಣ ಎಂದು ಬೈರನ್ ಹೇಳಿದ. ಗಂಡಸರಿಗೆ ಆ ಆಟ ಬೇಗ ಬೇಸರವಾಯಿತು. ಮೇರಿಗೆ ಮಾತ್ರ ಬಿಡಲಾಗಲಿಲ್ಲ. ಕಥೆ ಹೊಳೆಯಿತೇ ಎಂದು ದಿನ ಬೆಳಗಾದರೆ ಕೇಳುತ್ತಿದ್ದರು, ಇಲ್ಲ ಎನ್ನಲು ನಾಚಿಕೆಯಾಗುತ್ತಿತ್ತು ಎಂದು ಮುಂದೆ ಅವಳೇ ನೆನಪಿಸಿಕೊಂಡಿದ್ದಾಳೆ.

ಒಂದು ರಾತ್ರಿ ಗಂಡಸರ ಮಾತು ಜೀವ ಎಂದರೇನು, ವಿದ್ಯುತ್ತಿನಿಂದ ಹೆಣಕ್ಕೆ ಚಲನೆ ಬರಬಹುದೇ ಎಂಬಲ್ಲಿಗೆ ತಿರುಗಿತು. ಮೇರಿ ಹೆಚ್ಚು ಮಾತಾಡದೆ ಕೇಳಿಸಿಕೊಳ್ಳುತ್ತಿದ್ದಳು. ಮಲಗಿದಾಗ ಕಣ್ಣ ಮುಂದೆ ಒಂದು ಚಿತ್ರ ಎದ್ದು ನಿಂತಿತು: ತಾನು ಜೋಡಿಸಿದ ದೇಹದ ಪಕ್ಕದಲ್ಲಿ ಮಂಡಿಯೂರಿದ ವಿದ್ಯಾರ್ಥಿ, ಕಣ್ಣು ತೆರೆಯುವ ಆ ದೇಹ. ಮರುದಿನವೇ ಬರೆಯಲು ಕೂತಳು. ನವೆಂಬರ್ ತಿಂಗಳ ಒಂದು ರಾತ್ರಿ ಆ ದೇಹಕ್ಕೆ ಜೀವ ಬರುವುದು ಅವಳು ಬರೆದ ಮೊದಲ ದೃಶ್ಯ. ಅದೇ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ಬೀಜ. ಇದನ್ನೇ ಜಗತ್ತಿನ ಮೊದಲ ವೈಜ್ಞಾನಿಕ ಕಾದಂಬರಿ ಎಂದು ಬ್ರಿಟಿಷ್ ಲೇಖಕ ಬ್ರಯನ್ ಆಲ್ಡಿಸ್ 1973ರಲ್ಲಿ ವಾದಿಸಿದ. ಈಗ ಅನೇಕರು ಅದನ್ನು ಒಪ್ಪುತ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಿ. ಅವಳು ಮೊದಲು ಬರೆದ ದೃಶ್ಯ ಪುಸ್ತಕದ ಆರಂಭವಾಗಿ ಉಳಿಯಲಿಲ್ಲ. ಅಚ್ಚಾದ ಪುಸ್ತಕದಲ್ಲಿ ಅದು ಬರುವುದು ನಾಲ್ಕನೆಯ ಅಧ್ಯಾಯದಲ್ಲಿ. ಕೆಲವೇ ಪುಟಗಳ ಕಥೆ ಸಾಕೆಂದುಕೊಂಡಿದ್ದವಳನ್ನು ದೊಡ್ಡದಾಗಿ ಬರೆ ಎಂದು ಪರ್ಸಿ ಹುರಿದುಂಬಿಸಿದ. ದೊಡ್ಡದು ಮಾಡುವುದೆಂದರೆ ಏನು? ಹೆಣಕ್ಕೆ ಜೀವ ಬಂತು, ಹೆದರಿದ ವಿದ್ಯಾರ್ಥಿ ಓಡಿಹೋದ. ಅದು ಶುರು. ಇಬ್ಬರೂ ಒಬ್ಬರನ್ನೊಬ್ಬರು ಹಾಳು ಮಾಡಿಕೊಳ್ಳುತ್ತಾರೆ. ಅದು ಕೊನೆ. ನಮ್ಮ ಹುಡುಗಿಯರ ರೋಬೋಟಿನ ಕಥೆಯೂ ಇಷ್ಟೇ ತಾನೆ? ಮೇರಿಯ ಮುಂದೆಯೂ ಮಧ್ಯವೇ ಖಾಲಿ ಇತ್ತು.

ಮಧ್ಯಕ್ಕೆ ಬೇಕಾದ ಜಾಗ ಅವಳಿಗೆ ಸಿಕ್ಕಿದ್ದು ಜುಲೈ ತಿಂಗಳಲ್ಲಿ. ಪರ್ಸಿ ಮತ್ತು ಕ್ಲೇರ್ ಜೊತೆ ಆಲ್ಪ್ಸ್ ಪರ್ವತದ ಶಾಮೊನಿ ಕಣಿವೆಗೆ ಹೋದಳು. ಜುಲೈ 24ರ ದಿನಚರಿಯಲ್ಲಿ ತನ್ನ ಕಥೆ ಬರೆದೆನೆಂಬ ಪುಟ್ಟ ಉಲ್ಲೇಖವಿದೆ. ಮರುದಿನ ಹೇಸರಗತ್ತೆಯ ಮೇಲೆ ಬೆಟ್ಟ ಹತ್ತಿ ‘ಹಿಮದ ಸಮುದ್ರ’ ಎಂದು ಫ್ರೆಂಚರು ಕರೆಯುವ ಹಿಮನದಿಯನ್ನು ನೋಡಿದಳು. ಅಲೆಗಳು ಏಳುತ್ತಿರುವಾಗಲೇ ಹೆಪ್ಪುಗಟ್ಟಿದಂತಿರುವ ಆ ಬಯಲಿನಲ್ಲಿ ಮನುಷ್ಯವಾಸನೆ ಇಲ್ಲ. ಕಾದಂಬರಿಯ ಎರಡನೆಯ ಸಂಪುಟದಲ್ಲಿ, ಸೃಷ್ಟಿಸಿದವನು ಮತ್ತು ಸೃಷ್ಟಿಯಾದವನು ಮುಖಾಮುಖಿಯಾಗುವುದು ಅಲ್ಲೇ. ವಿಕ್ಟರ್ ಫ್ರಾಂಕೆನ್‌ಸ್ಟೈನ್ ಎಂಬುದು ಸೃಷ್ಟಿಸಿದವನ ಹೆಸರು. ಜನ ತಪ್ಪಾಗಿ ಆ ಹೆಸರನ್ನು ಸೃಷ್ಟಿಗೇ ಹಚ್ಚಿದ್ದಾರೆ. ಅದಕ್ಕೆ ಪುಸ್ತಕದ ಉದ್ದಕ್ಕೂ ಹೆಸರೇ ಇಲ್ಲ.

ವಿಕ್ಟರ್ ಅದನ್ನು ಬೈಯುತ್ತಾನೆ, ಹೊಡೆಯಲು ನುಗ್ಗುತ್ತಾನೆ. ಓದುವ ನಾವೂ ‘ಫೈಟಿಂಗ್’ ಶುರುವಾಯಿತು ಎಂದುಕೊಳ್ಳುತ್ತೇವೆ. ಮೇರಿ ಹಾಗೆ ಮಾಡಲಿಲ್ಲ. ಆ ಪ್ರಾಣಿ ಬಾಯಿ ತೆರೆದು ಮೊದಲು ನನ್ನ ಕಥೆ ಕೇಳು ಎನ್ನುತ್ತದೆ. ಇಬ್ಬರೂ ಬೆಟ್ಟದ ಮೇಲಿನ ಗುಡಿಸಿಲಿಗೆ ಹೋಗಿ ಬೆಂಕಿಯ ಮುಂದೆ ಕೂರುತ್ತಾರೆ. ಮುಂದಿನ ಆರು ಅಧ್ಯಾಯ ಅದರದ್ದೇ ಮಾತು.

ಈ ಮಧ್ಯಭಾಗ ಒಂದೇ ಏಟಿಗೆ ಕೂತದ್ದಲ್ಲ. ಮೇರಿಯ ಕೈಬರಹದ ಕರಡು ಪುಸ್ತಕಗಳು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಉಳಿದುಕೊಂಡಿವೆ. ಅವನ್ನು ಅಭ್ಯಾಸ ಮಾಡಿದ ವಿದ್ವಾಂಸ ಚಾರ್ಲ್ಸ್ ರಾಬಿನ್‌ಸನ್ ತೋರಿಸಿಕೊಟ್ಟಂತೆ, ಮೊದಲ ಯೋಜನೆಯಲ್ಲಿ 33 ಅಧ್ಯಾಯಗಳ ಎರಡು ಸಂಪುಟಗಳಿದ್ದವು. ಎರಡೇ ಸಂಪುಟವೆಂದರೆ ಮುಂದಿನ ಬಾಗಿಲು, ಹಿಂದಿನ ಬಾಗಿಲು ಅಷ್ಟೆ. ಶುದ್ಧಪ್ರತಿಯ ಹೊತ್ತಿಗೆ ಅದು 23 ಅಧ್ಯಾಯಗಳ ಮೂರು ಸಂಪುಟವಾಯಿತು. ನಡುವೆ ಒಂದು ಪೂರ್ತಿ ಸಂಪುಟ ಬಂತು. ಅದರ ಒಂಬತ್ತು ಅಧ್ಯಾಯಗಳಲ್ಲಿ ಆರು, ಮಾತನಾಡಲು ಯಾರೂ ಅವಕಾಶ ಕೊಡದವನಿಗೆ ಮೀಸಲಾದವು. ಸುಮಾರು 72,000 ಪದಗಳ ಕೃತಿಯಲ್ಲಿ ಪರ್ಸಿ ಸೇರಿಸಿದ್ದು ನಾಲ್ಕೈದು ಸಾವಿರ ಪದಗಳಷ್ಟು ಎಂದೂ ರಾಬಿನ್‌ಸನ್ ಲೆಕ್ಕ ಹಾಕಿದ್ದಾರೆ. ಗಂಡನೇ ಬರೆದುಕೊಟ್ಟಿರಬೇಕು ಎಂದು ಹೇಳುವವರಿಗೆ ಈ ಲೆಕ್ಕ ಸಾಕು.

ಬರೆಯುತ್ತಿದ್ದ ಆ ತಿಂಗಳುಗಳು ಎಂಥವು ಗೊತ್ತೇ? 1816ರ ಅಕ್ಟೋಬರ್‌ನಲ್ಲಿ ಅದೇ ತಾಯಿಯ ಹಿರಿಯ ಮಗಳು, ಇಪ್ಪತ್ತೆರಡು ವರ್ಷದ ಅಕ್ಕ ಫ್ಯಾನಿ, ವಿಷ ಕುಡಿದು ಪ್ರಾಣ ಬಿಟ್ಟಳು. ಮನೆಯವರು ಸುದ್ದಿ ಮುಚ್ಚಿಟ್ಟರು. ಡಿಸೆಂಬರ್ 5ರಂದು ಮೇರಿ ಪರ್ಸಿಗೆ ಬರೆದ ಕಾಗದದಲ್ಲಿ ನಾಲ್ಕನೆಯ ಅಧ್ಯಾಯ ಮುಗಿಯಿತು, ತುಂಬ ಉದ್ದವಾಗಿದೆ ಎಂಬ ಸಂತೋಷವಿದೆ. ಐದು ದಿನದ ಬಳಿಕ ಪರ್ಸಿಯ ಮೊದಲ ಹೆಂಡತಿಯ ಶವ ಲಂಡನ್ನಿನ ಹೈಡ್ ಪಾರ್ಕಿನ ಕೊಳದಲ್ಲಿ ಸಿಕ್ಕಿತು. ಡಿಸೆಂಬರ್ 30ರಂದು ಮೇರಿ, ಪರ್ಸಿಯರ ಮದುವೆ ನಡೆಯಿತು. ಮನೆಯಲ್ಲಿ ವಿಲಿಯಂ ಇನ್ನೂ ವರ್ಷ ತುಂಬದ ಮಗು, ಮುಂದಿನ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಕ್ಲಾರಾಳ ಬಸಿರು ಬೇರೆ. ಇಷ್ಟರ ನಡುವೆ 1817ರ ಮೇ ತಿಂಗಳಿಗೆ ಶುದ್ಧಪ್ರತಿ ಮುಗಿಸಿದಳು. ಸಾರಿಗೆ ಒಗ್ಗರಣೆ ಹಾಕಿ ಬಂದು ನಾಲ್ಕು ಸಾಲು ಬರೆಯುವ ನಾವೆಲ್ಲ ಅವಳಿಗೆ ಒಮ್ಮೆ ಕೈಮುಗಿಯಬೇಕು.

ಆ ಆರು ಅಧ್ಯಾಯಗಳಲ್ಲಿ ಇರುವುದೇನು? ಭಯಂಕರವಾದದ್ದೇನೂ ಅಲ್ಲ, ಒಂದು ಕೂಸು ಬೆಳೆಯುವ ಬಗೆ. ಮೊದಲು ಬೆಳಕು, ಕತ್ತಲೆ, ಹಸಿವು, ಚಳಿ. ಭಿಕ್ಷುಕರು ಬಿಟ್ಟುಹೋದ ಬೆಂಕಿ ಕಂಡು ಹಿಗ್ಗಿ, ಕೆಂಡದೊಳಗೆ ಕೈ ಇಟ್ಟು ಸುಟ್ಟುಕೊಳ್ಳುತ್ತದೆ. ಊರೊಳಗೆ ಹೋದರೆ ಜನ ಕಲ್ಲು ಹೊಡೆಯುತ್ತಾರೆ. ಕೊನೆಗೆ ಒಂದು ಬಡವರ ಮನೆಗೆ ಒತ್ತಿಕೊಂಡಿದ್ದ ಕೊಟ್ಟಿಗೆಯಂಥ ಗೂಡಿನಲ್ಲಿ ಅಡಗಿ, ಗೋಡೆಯ ಬಿರುಕಿನಲ್ಲಿ ಅವರ ಬಾಳನ್ನು ನೋಡುತ್ತ ತಿಂಗಳುಗಟ್ಟಲೆ ಕೂರುತ್ತದೆ. ಕುರುಡು ಮುದುಕ ಡಿಲೇಸಿ, ಮಗ ಫೀಲಿಕ್ಸ್, ಮಗಳು ಅಗಾಥಾ. ಅದು ಕಲಿತ ಮೊದಲ ಮಾತುಗಳಲ್ಲಿ ಬೆಂಕಿ, ಹಾಲು, ರೊಟ್ಟಿ, ಸೌದೆ ಇವೆ. ಒಲೆಯ ಸುತ್ತ ಕೇಳುವ ಮಾತುಗಳು. ರಾತ್ರಿ ಅವರ ಆಹಾರ ಕದಿಯುತ್ತಿದ್ದದ್ದು, ಅವರೇ ಹಸಿದಿರುತ್ತಾರೆ ಎಂದು ತಿಳಿದ ದಿನದಿಂದ ಕದಿಯುವುದನ್ನು ಬಿಟ್ಟು, ಗುಟ್ಟಾಗಿ ಸೌದೆ ತಂದು ಬಾಗಿಲಲ್ಲಿ ಒಟ್ಟುತ್ತದೆ.

ಆ ಮನೆಗೆ ಸಾಫಿ ಎಂಬ ಪರದೇಶದ ಹುಡುಗಿ ಬರುತ್ತಾಳೆ. ಅವಳಿಗೆ ಫೀಲಿಕ್ಸ್ ಭಾಷೆ ಕಲಿಸುವಾಗ ಗೋಡೆಯ ಆಚೆ ಇದೂ ಕಲಿಯುತ್ತದೆ. ಒಬ್ಬ ಮೇಷ್ಟ್ರು, ಇಬ್ಬರು ವಿದ್ಯಾರ್ಥಿಗಳು. ಎರಡನೆಯವನು ಇದ್ದಾನೆಂದು ಮೇಷ್ಟ್ರಿಗೇ ಗೊತ್ತಿಲ್ಲ! ಸಾಫಿಯ ತಾಯಿ ಹಿಂದೆ ಗುಲಾಮಳಾಗಿದ್ದ ಹೆಂಗಸು. ಹೆಣ್ಣಿಗೂ ಬುದ್ಧಿ ಇದೆ, ಸ್ವತಂತ್ರವಾಗಿ ಯೋಚಿಸು ಎಂದು ಮಗಳಿಗೆ ಕಲಿಸಿ ಸತ್ತವಳು. ಸಾಫಿ ಬರೆದ ಪತ್ರಗಳ ಪ್ರತಿಯನ್ನು ಆ ಹೆಸರಿಲ್ಲದವನು ತನ್ನ ಮಾತಿಗೆ ಸಾಕ್ಷಿಯಾಗಿ ಇಟ್ಟುಕೊಂಡಿರುತ್ತಾನೆ.

ಈಗ ಈ ಮನೆಯ ನಕ್ಷೆ ನೋಡಿ. ಹೊರಗಿನ ಜಗಲಿಯಲ್ಲಿ, ಉತ್ತರ ಧ್ರುವದತ್ತ ಹೊರಟ ವಾಲ್ಟನ್ ಎಂಬ ನಾವಿಕ ಇಂಗ್ಲೆಂಡಿನಲ್ಲಿರುವ ಅಕ್ಕನಿಗೆ ಬರೆಯುವ ಪತ್ರಗಳು. ಅದರೊಳಗೆ ವಿಕ್ಟರ್ ಹೇಳುವ ಕಥೆ. ಅದರೊಳಗೆ ಆ ಪ್ರಾಣಿ ಹೇಳುವ ಕಥೆ. ಎಲ್ಲಕ್ಕಿಂತ ಒಳಗೆ, ನಡುಮನೆಯಲ್ಲಿ, ಮಗಳಿಗೆ ವಿದ್ಯೆಯ ಆಸೆ ಹಚ್ಚಿ ತೀರಿಹೋದ ಒಬ್ಬ ತಾಯಿ. ಹನ್ನೊಂದು ದಿನಕ್ಕೆ ತಾಯಿಯನ್ನು ಕಳೆದುಕೊಂಡ ಮೇರಿ ಆ ತಾಯಿಯನ್ನು ಎಲ್ಲಿ ಇಟ್ಟಳು ನೋಡಿ. ಗಂಡಸರ ಚರ್ಚೆಯ ಪಕ್ಕದಲ್ಲಿ ಮಾತಿಲ್ಲದೆ ಕೂತು ಕೇಳಿದ ಹುಡುಗಿಗೆ ಗೋಡೆಯ ಬಿರುಕಿನ ಆಚೆ ಕೂತು ಕಲಿಯುವುದು ಹೇಗಿರುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮುಂದಿನದು ದುಃಖದ ಕಥೆ. ಕಣ್ಣಿಲ್ಲದ ಮುದುಕ ಒಬ್ಬನೇ ಇರುವಾಗ ಅದು ಒಳಗೆ ಹೋಗುತ್ತದೆ. ಅವನು ಸಮಾಧಾನದಿಂದ ಕೇಳಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಕಣ್ಣಿದ್ದವರು ಬಂದು ಕೋಲಿನಿಂದ ಹೊಡೆಯುತ್ತಾರೆ. ಆ ಕಹಿಯೇ ಬೆಳೆದು, ವಿಕ್ಟರನ ತಮ್ಮ ವಿಲಿಯಂ ಎಂಬ ಬಾಲಕನ ಕೊಲೆಯಾಗುತ್ತದೆ. ತನ್ನ ಸ್ವಂತ ಕೂಸಿನ ಹೆಸರನ್ನೇ ಆ ಬಾಲಕನಿಗೆ ಇಟ್ಟ ಮೇರಿಯ ಗಟ್ಟಿತನ ನೆನೆದರೆ ಇಂದಿಗೂ ನನಗೆ ಮೈ ಜುಮ್ಮೆನ್ನುತ್ತದೆ. ಬಾಲಕನ ಕೊರಳಿನಲ್ಲಿದ್ದ ಚಿತ್ರದ ಪದಕವನ್ನು, ಕೆಲಸದ ಹುಡುಗಿ ಜಸ್ಟೀನಳ ಉಡುಪಿನಲ್ಲಿ ಆ ಪ್ರಾಣಿ ಸೇರಿಸಿಬಿಡುತ್ತದೆ.

ಮೊದಲ ಸಂಪುಟದಲ್ಲೇ ಜಸ್ಟೀನಳಿಗೆ ಗಲ್ಲಾಗಿರುತ್ತದೆ. ಪದಕ ಅವಳ ಜೇಬಿನಲ್ಲಿ ಸಿಕ್ಕಿತು, ಅದು ಹೇಗೆ ಬಂತೆಂದು ಹೇಳಲು ಅವಳಿಂದ ಆಗಲಿಲ್ಲ, ನ್ಯಾಯಾಲಯಕ್ಕೆ ಅಷ್ಟೇ ಸಾಕಾಯಿತು. ಹೇಗೆ ಬಂತೆಂಬುದು ನಮಗೆ ತಿಳಿಯುವುದು ಎರಡನೆಯ ಸಂಪುಟದಲ್ಲಿ. ಆ ಹೊತ್ತಿಗೆ ತಡವಾಗಿರುತ್ತದೆ.

ಈ ಜಾಗಕ್ಕೆ ಬಂದಾಗ ಆ ರಾತ್ರಿ ನನಗೆ ಪುಸ್ತಕ ಮರೆತೇಹೋಯಿತು. ನಾನು ಕೆಲಸಕ್ಕೆ ಸೇರಿದ ಹೊಸತು. ಬೇರೊಂದು ಊರು. ತರಗತಿಯ ಪ್ರವಾಸಕ್ಕೆಂದು ಲೀಡರ್ ಹುಡುಗಿ ಕೂಡಿಸಿಟ್ಟಿದ್ದ ಅರವತ್ತು ರೂಪಾಯಿ ಕಾಣೆಯಾಯಿತು. ಎಲ್ಲರ ಚೀಲ ಹುಡುಕಿಸಿದೆ. ಹಿಂದಿನ ಬೆಂಚಿನ ಒಬ್ಬಳ ಕಂಪಾಸು ಪೆಟ್ಟಿಗೆಯಲ್ಲಿ ಸಿಕ್ಕಿತು. ಪ್ರವಾಸಕ್ಕೆ ಹೆಸರು ಕೊಡದೆ ಉಳಿದವಳು ಅವಳೊಬ್ಬಳೇ. ಅವಳು ಏನೋ ಹೇಳಲು ಬಾಯಿ ತೆರೆದಳು. “ಸುಮ್ನಿರು, ಇನ್ನೇನು ಹೇಳ್ತೀಯ” ಎಂದೆ. ಎಲ್ಲರ ಮುಂದೆ ನಿಲ್ಲಿಸಿ, ನಾಳೆ ಅಪ್ಪನನ್ನು ಕರೆದುಕೊಂಡು ಬಾ ಎಂದು ಕಳಿಸಿದೆ. ಅವಳು ಮತ್ತೆ ಶಾಲೆಗೆ ಬರಲೇ ಇಲ್ಲ. ಒಂದು ತಿಂಗಳ ಮೇಲೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದವಳೂ ನಾನೇ.

ಅವಳು ಕದ್ದಿದ್ದಳೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಕದ್ದಿರಬಹುದು. ಆದರೆ ಅವಳ ಕಥೆಯ ಶುರು ಮತ್ತು ಕೊನೆ ಎರಡನ್ನೂ ನಾನೇ ಬರೆದೆ. ಮಧ್ಯ ಅವಳ ಬಾಯಲ್ಲೇ ಉಳಿಯಿತು. ಕೇಳುವುದೆಂದರೆ ಕ್ಷಮಿಸಿಬಿಡುವುದಲ್ಲ. ಮೇರಿಯೂ ಕೊಲೆಯನ್ನು ಕ್ಷಮಿಸಲಿಲ್ಲ. ಕೊಂದವನ ಬಾಯಿಂದಲೇ ಕೊಲೆಯನ್ನು ಹೇಳಿಸಿದಳು. ಆದರೆ ಹೇಳಿಸಿದಳು.

ಮಾತೆಲ್ಲ ಮುಗಿದ ಮೇಲೆ ಅದು ವಿಕ್ಟರನಲ್ಲಿ ಒಂದೇ ಬೇಡಿಕೆ ಇಡುತ್ತದೆ: ನನ್ನಂಥವಳೇ ಒಬ್ಬ ಸಂಗಾತಿಯನ್ನು ಮಾಡಿಕೊಡು, ಜನರ ಕಣ್ಣಿಗೆ ಬೀಳದೆ ದೂರ ಹೋಗುತ್ತೇವೆ. ವಿಕ್ಟರ್ ಒಪ್ಪುತ್ತಾನೆ. ಎರಡನೆಯ ಸಂಪುಟ ಅಲ್ಲಿಗೆ ಮುಗಿಯುತ್ತದೆ. ಮೂರನೆಯದರಲ್ಲಿ ಅವನು ಆ ಮಾತು ಮುರಿಯುತ್ತಾನೆ, ಎಲ್ಲ ಅನಾಹುತವೂ ಅಲ್ಲಿಂದ ಹೊರಡುತ್ತದೆ. ಅಂದರೆ ಕೊನೆ ಹುಟ್ಟಿದ್ದು ಮಧ್ಯದ ಒಂದು ಮಾತಿನಿಂದ. ಇದನ್ನು ಮೇರಿ ಯೋಚಿಸಿ ಇಟ್ಟಿರದಿದ್ದರೆ ಪುಸ್ತಕ ಬರಿಯ ದೆವ್ವದ ಕಥೆಯಾಗಿ ಉಳಿಯುತ್ತಿತ್ತು.

1818ರ ಜನವರಿ 1ರಂದು ಲೇಖಕಿಯ ಹೆಸರಿಲ್ಲದೆ 500 ಪ್ರತಿಗಳು ಹೊರಬಂದವು. 1823ರಲ್ಲಿ ಲಂಡನ್ನಿನ ರಂಗಮಂದಿರದಲ್ಲಿ ರಿಚರ್ಡ್ ಬ್ರಿನ್ಸ್ಲಿ ಪೀಕ್ ಇದನ್ನು ನಾಟಕ ಮಾಡಿದ. ಮೇರಿಯೂ ಹೋಗಿ ನೋಡಿದಳು. ಅಷ್ಟರಲ್ಲಿ ಅವಳ ಕ್ಲಾರಾ, ವಿಲಿಯಂ ಇಬ್ಬರೂ ಇಟಲಿಯಲ್ಲಿ ತೀರಿಕೊಂಡಿದ್ದರು, ಪರ್ಸಿ ಸಮುದ್ರದಲ್ಲಿ ಮುಳುಗಿಹೋಗಿದ್ದ. ಆ ನಾಟಕದಲ್ಲಿ ಪ್ರಾಣಿಗೆ ಮಾತೇ ಇರಲಿಲ್ಲ. 1931ರಲ್ಲಿ ಜೇಮ್ಸ್ ವೇಲ್ ನಿರ್ದೇಶಿಸಿದ ಹಾಲಿವುಡ್ ಚಿತ್ರದಲ್ಲಿ ಬೋರಿಸ್ ಕಾರ್ಲಾಫ್ ಆ ಪಾತ್ರ ಮಾಡಿದಾಗಲೂ ಮಾತಿಲ್ಲ, ಬರೀ ಗುರುಗುಟ್ಟುವುದು. ಅದರ ತಲೆಗೆ ತಪ್ಪಿ ಒಬ್ಬ ಅಪರಾಧಿಯ ಮೆದುಳು ಬಂದುಬಿಟ್ಟಿತು, ಅದಕ್ಕೇ ಅದು ಕೆಟ್ಟದ್ದು ಎಂದು ಆ ಚಿತ್ರ ಹೇಳಿತು. ಪುಸ್ತಕದಲ್ಲಿ ಅಂಥ ಮೆದುಳು ಎಲ್ಲೂ ಇಲ್ಲ. ಮಧ್ಯವನ್ನು ತೆಗೆದುಹಾಕಿದರೆ ಹೀಗೇ. ಏಕೆ ಕೆಟ್ಟಿತು ಎಂಬ ಪ್ರಶ್ನೆಗೆ ಹುಟ್ಟುಗುಣ ಎಂಬ ಸುಲಭದ ಉತ್ತರ ಬಂದು ಕೂರುತ್ತದೆ. ನಮ್ಮ ಸ್ಟಾಫ್ ರೂಮುಗಳಲ್ಲಿ ಈ ಉತ್ತರವನ್ನು ನಾನು ಎಷ್ಟು ಸಲ ಕೇಳಿದ್ದೇನೋ, ಎಷ್ಟು ಸಲ ಕೊಟ್ಟಿದ್ದೇನೋ.

ಮರುದಿನ ಹುಡುಗಿಯರಿಗೆ ಇಷ್ಟನ್ನೂ ಹೇಳಲಿಲ್ಲ. ಮೇರಿಯ ಕಥೆಯನ್ನು ಚಿಕ್ಕದಾಗಿ ಹೇಳಿ, “ನಿಮ್ಮ ರೋಬೋಟಿಗೆ ಹುಚ್ಚು ಹಿಡೀತು ಅಂತೀರಲ್ಲ, ಅದನ್ನ ಯಾರಾದ್ರೂ ಕೇಳಿದ್ರೇನು?” ಎಂದೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು.

ಸ್ವಲ್ಪ ಹೊತ್ತಿನ ಮೇಲೆ, ನಾಲ್ವರಲ್ಲಿ ಅತಿ ಕಡಿಮೆ ಮಾತಿನವಳು ಹೇಳಿದಳು: “ಟೀಚರ್, ಅದು ಅಡುಗೆಮನೇಲೇ ಇರುತ್ತಲ್ಲ. ನಮ್ಮಮ್ಮ ಅಡುಗೆ ಮಾಡ್ತಾ ತನ್ನಷ್ಟಕ್ಕೇ ಏನೇನೋ ಮಾತಾಡ್ಕೋತಾರೆ. ಅದು ಮಾತು ಕಲಿಯೋದು ಆ ಮಾತು ಕೇಳಿಯೇ ಅಂತ ಮಾಡಿದ್ರೆ?”

“ಆಮೇಲೆ?” ಎಂದೆ.

“ಆಮೇಲೆ ಒಂದಿನ ಮನೆಯವರೆಲ್ಲ ಊಟಕ್ಕೆ ಕೂತಾಗ ಅದೇ ಮಾತನ್ನ ಗಟ್ಟಿಯಾಗಿ ಹೇಳಿಬಿಡುತ್ತೆ.”

ಫೈಟಿಂಗ್ ಎಂದಿದ್ದವಳು ಕಿಸಕ್ಕನೆ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ಅದನ್ನು ಕೆರೆಗೆ ನೂಕುವುದೋ ಬೇಡವೋ ಎಂಬ ಚರ್ಚೆ ಅಲ್ಲೇ ಹತ್ತಿತು. ಮೊದಲಿದ್ದ ಕೊನೆ ಈಗ ಹೊಂದುವುದಿಲ್ಲ ಎಂದು ಅವರಿಗೇ ಅನ್ನಿಸಿತ್ತು. ಮುಂದಿನ ಪೀರಿಯಡ್ಡಿನ ಗಂಟೆ ಹೊಡೆದರೂ ನಾನು ಅವರನ್ನು ಎಬ್ಬಿಸಲಿಲ್ಲ. ಆ ಕಡಿಮೆ ಮಾತಿನ ಹುಡುಗಿ ಇನ್ನೂ ಏನೋ ಹೇಳುವುದರಲ್ಲಿದ್ದಳು.